ಕಲ್ನಾರಿನ ಧೂಳೂ ಕೂಲಿಕಾರನ ಹಕ್ಕೂ

(ಸೊಲ್ಲಾಪುರದಲ್ಲಿ ಸೇರಿದ ಗಡಿನಾಡಿನ ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ನಿಮ್ಮ ಮುಂದೆ ಇಡಬೇಕೆಂದಿರುವ ವಿಷಯ ಒಂದು ಧೂಳಿನದು. ಧೂಳು ನಮಗೆ ಹೊಸದಲ್ಲ. ಅಕ್ಕಲಕೋಟೆ, ಜತ್ತ ಕಡೆಯ ಹೊಲದ ಧೂಳು, ಆದೋನಿಯ ಹತ್ತಿಯ ಧೂಳು, ಸೊಲ್ಲಾಪುರದ ಮಗ್ಗದ ಧೂಳು, ಇವುಗಳ ನಡುವೆಯೇ ನಮ್ಮ ಹಿರಿಯರು ದುಡಿದರು, ನಾವೂ ದುಡಿಯುತ್ತಿದ್ದೇವೆ. ಆದರೆ ಇದು ಬೇರೆ ತರದ ಧೂಳು. ಇದು ಒಳಗೆ ಹೋದ ದಿನ ಏನೂ ತಿಳಿಯುವುದಿಲ್ಲ. ಮರುದಿನವೂ ಇಲ್ಲ, ಮರುವರ್ಷವೂ ಇಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಸುಮ್ಮನಿದ್ದು, ಮನುಷ್ಯನು ಕೆಲಸ ಬಿಟ್ಟು ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿಗೆ ಬಂದಾಗ ಇದು ತಲೆ ಎತ್ತುತ್ತದೆ. ಅಷ್ಟರಲ್ಲಿ ಕಾರ್ಖಾನೆ ಮುಚ್ಚಿರುತ್ತದೆ, ಮುಕಾದಮನು ತೀರಿಕೊಂಡಿರುತ್ತಾನೆ, ಹಾಜರಿ ಪುಸ್ತಕ ಗೆದ್ದಲು ತಿಂದಿರುತ್ತದೆ. ಆದಕಾರಣ ಪರಿಹಾರ ಕೇಳುವ ಕೆಲಸ ರೋಗ ಬಂದ ದಿನ ಶುರುವಾಗುವುದಲ್ಲ, ಕೆಲಸಕ್ಕೆ ಸೇರಿದ ದಿನವೇ ಶುರುವಾಗಬೇಕು. ಈ ಒಂದು ಮಾತನ್ನು ನಿಮಗೆ ಮನಗಾಣಿಸುವುದಕ್ಕಾಗಿಯೇ ನಾವು ಇಂದು ನಿಂತಿದ್ದೇವೆ.

ಈ ವಸ್ತು ಯಾವುದು?

ಪುಸ್ತಕದ ಕನ್ನಡದಲ್ಲಿ ಇದಕ್ಕೆ ಕಲ್ನಾರು ಎಂದು ಹೆಸರು. ಎಲ್ಲರೂ ಆಸ್ಬೆಸ್ಟಾಸ್ ಅನ್ನುತ್ತಾರೆ. ನಾವು ಈ ಕಡೆಯವರು ಸಿಮೆಂಟ್ ಪತ್ರಾ ಅನ್ನುವುದರಲ್ಲಿ ಇರುವುದು ಇದೇ. ಹೆಸರೇ ಹೇಳುವಂತೆ ಇದು ಕಲ್ಲು, ಆದರೆ ನಾರಿನಂತೆ ಬಿಡಿಬಿಡಿಯಾಗಿ ಸೀಳುವ ಕಲ್ಲು. ಬೆಂಕಿಗೆ ಸುಡುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ, ಆಮ್ಲಕ್ಕೂ ಬೇಗ ಕರಗುವುದಿಲ್ಲ, ಬೆಲೆಯೂ ಅಗ್ಗ. ಇದರಲ್ಲಿ ಬಿಳಿ, ಕಂದು, ನೀಲಿ ಎಂಬ ಬಗೆಗಳುಂಟು. ನೀಲಿ ಮತ್ತು ಕಂದು ಹೆಚ್ಚು ಅಪಾಯದವು. ಆದರೆ ಬಿಳಿಯದೂ ಸೇರಿ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ನಿರ್ಣಯಿಸಿದೆ.

ನಮ್ಮ ದೇಶದಲ್ಲಿ ರಾಜಸ್ಥಾನದಲ್ಲಿ, ಆಂಧ್ರದ ಕಡಪಾ ಜಿಲ್ಲೆಯ ಪುಲಿವೆಂದುಲ ಕಡೆಯಲ್ಲಿ, ಈಗಿನ ಝಾರ್ಖಂಡದ ಚಾಯಿಬಾಸಾ ಸಮೀಪದ ರೋರೋ ಗುಡ್ಡದಲ್ಲಿ ಇದನ್ನು ಅಗೆದು ತೆಗೆಯುತ್ತಿದ್ದರು. ರೋರೋ ಗಣಿ 1983ರಲ್ಲಿ ನಿಂತಿತು. ಅಗೆಯುವುದು ನಿಂತರೂ ಬಳಸುವುದು ನಿಂತಿಲ್ಲ. ಪರದೇಶದಿಂದ, ಅದರಲ್ಲೂ ರಷ್ಯಾದಿಂದ, ಬಿಳಿ ಕಲ್ನಾರು ಲಕ್ಷಗಟ್ಟಲೆ ಟನ್ ಹಡಗಿನಲ್ಲಿ ಬಂದು ಇಳಿಯುತ್ತದೆ. ಇಂಗ್ಲೆಂಡು 1999ರಲ್ಲಿ, ಯೂರೋಪಿನ ಒಕ್ಕೂಟವೆಲ್ಲ 2005ರಲ್ಲಿ, ತಾನೇ ಅಗೆದು ಲೋಕಕ್ಕೆಲ್ಲ ಮಾರುತ್ತಿದ್ದ ಕೆನಡಾ 2018ರಲ್ಲಿ ಇದನ್ನು ನಿಷೇಧಿಸಿದವು. ಲೋಕದಲ್ಲಿ ಅರವತ್ತಕ್ಕೂ ಹೆಚ್ಚು ದೇಶಗಳು ಬೇಡವೆಂದ ಈ ವಸ್ತು ನಮ್ಮ ಬಡವರ ಮನೆಯ ಮಾಡಿನ ಮೇಲೆ ಕೂತಿದೆ.

ನಮ್ಮ ಜನ ಇದನ್ನು ಎಲ್ಲೆಲ್ಲಿ ಮುಟ್ಟುತ್ತಾರೆ ನೋಡಿರಿ. ಮುಂಬಯಿಯ ಮುಲುಂಡಿನಲ್ಲಿ, ನೀಲಗಿರಿ ಮತ್ತು ತಾಳವಾಡಿಯವರಿಗೆ ಹತ್ತಿರವಾದ ಕೊಯಮತ್ತೂರಿನ ಪೋದನೂರಿನಲ್ಲಿ ಪತ್ರಾ ಮಾಡುವ ದೊಡ್ಡ ಕಾರ್ಖಾನೆಗಳು ನಡೆದವು. ಹಳೆಯ ಬಟ್ಟೆ ಗಿರಣಿಗಳಲ್ಲಿ ಬಾಯ್ಲರಿಗೂ ಉಗಿಯ ಕೊಳವೆಗೂ ಶಾಖ ಹೋಗದಂತೆ ಕಲ್ನಾರಿನ ಹಗ್ಗ ಸುತ್ತಿ, ಕಲ್ನಾರಿನ ಗಾರೆ ಮೆತ್ತುತ್ತಿದ್ದರು. ಗೋವೆಯ ವಾಸ್ಕೋದಂಥ ಬಂದರುಗಳಲ್ಲಿ ಹಳೆಯ ಹಡಗು ರಿಪೇರಿಗೆ ಬಂದಾಗ ಎಂಜಿನ್ ಕೋಣೆಯ ಹೊದಿಕೆ ಕೀಳುವವರು ಇದನ್ನು ಕಂಡಿರುತ್ತಾರೆ. ಲಾರಿ ಬಸ್ಸುಗಳ ಬ್ರೇಕ್ ಲೈನರ್ ಉಜ್ಜಿದ ಗ್ಯಾರೇಜಿನ ಹುಡುಗರು, ಪತ್ರಾ ಕೊಯ್ಯುವ ಬಡಗಿಗಳು, ಹಳೆಯ ಕಟ್ಟಡ ಕೆಡವುವ ಕೂಲಿಯವರು, ಗುಜರಿಯವರು, ಇವರೆಲ್ಲರೂ ಈ ಪಟ್ಟಿಯಲ್ಲಿ ಸೇರುತ್ತಾರೆ.

ಒಂದು ಭಯವನ್ನು ಇಲ್ಲಿಯೇ ತೆಗೆದುಹಾಕುತ್ತೇವೆ. ತಲೆಯ ಮೇಲೆ ಗಟ್ಟಿಯಾಗಿರುವ ಪತ್ರಾ ಇದ್ದ ಮಾತ್ರಕ್ಕೆ ನಾಳೆಯೇ ರೋಗ ಬರುತ್ತದೆಂದು ಯಾರೂ ಹೆದರಬೇಕಾಗಿಲ್ಲ. ಸಿಮೆಂಟಿನಲ್ಲಿ ಹುದುಗಿರುವ ತನಕ ನಾರು ಹೊರಗೆ ಬರುವುದು ಕಡಿಮೆ. ಕೊಯ್ದಾಗ, ಕೊರೆದಾಗ, ಉಜ್ಜಿದಾಗ, ಒಡೆದಾಗ, ಹಳೆಯದಾಗಿ ಪುಡಿ ಉದುರಿದಾಗ ಅಪಾಯ.

ದೇಹದಲ್ಲಿ ಏನಾಗುತ್ತದೆ?

ಕಲ್ನಾರಿನ ಎಳೆಯು ನಮ್ಮ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳ್ಳಗಿರುತ್ತದೆ. ಕಣ್ಣಿಗೆ ಕಾಣುವ ಧೂಳನ್ನು ಮೂಗು ಗಂಟಲುಗಳು ತಡೆದು ಉಗುಳುತ್ತವೆ. ಕಾಣದ ಎಳೆಯು ಉಸಿರಿನೊಂದಿಗೆ ಶ್ವಾಸಕೋಶದ ತುದಿಯ ತನಕ ಇಳಿದು ಅಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತದೆ. ದೇಹವು ಅದನ್ನು ಕರಗಿಸಲಾರದು, ಹೊರಗೆ ಹಾಕಲೂ ಆರದು. ಅದರ ಸುತ್ತ ಗಾಯ, ಗಾಯದ ಮೇಲೆ ಗಾಯ, ಹೀಗೆ ವರ್ಷಗಳು ಕಳೆಯುತ್ತವೆ.

ಇದರಿಂದ ಬರುವ ಮುಖ್ಯ ರೋಗಗಳು ಮೂರು. ಮೊದಲನೆಯದು ಆಸ್ಬೆಸ್ಟೋಸಿಸ್. ಮೆತ್ತಗಿರಬೇಕಾದ ಶ್ವಾಸಕೋಶ ಗಾಯದ ಕಲೆ ತುಂಬಿ ಬಿರುಸಾಗುತ್ತದೆ. ಒಣಕೆಮ್ಮು, ನಾಲ್ಕು ಮೆಟ್ಟಲು ಹತ್ತಿದರೆ ದಮ್ಮು, ಬೆರಳ ತುದಿ ಊದುವುದು ಇದರ ಗುರುತುಗಳು. ಎರಡನೆಯದು ಶ್ವಾಸಕೋಶದ ಕ್ಯಾನ್ಸರ್. ಮೂರನೆಯದು ಮೆಸೊಥೀಲಿಯೋಮ, ಅಂದರೆ ಶ್ವಾಸಕೋಶವನ್ನೋ ಹೊಟ್ಟೆಯ ಒಳಭಾಗವನ್ನೋ ಹೊದ್ದಿರುವ ತೆಳುಪೊರೆಯ ಕ್ಯಾನ್ಸರ್. ಎದೆಯಲ್ಲಿ ನೋವು, ಪಕ್ಕೆಯಲ್ಲಿ ನೀರು ತುಂಬುವುದು, ತೂಕ ಇಳಿಯುವುದು, ಇವು ಅದರ ಲಕ್ಷಣಗಳು. ಈ ಮೂರನೆಯ ರೋಗ ಕಲ್ನಾರಿನ ಸಂಪರ್ಕವಿಲ್ಲದೆ ಬರುವುದು ಬಹಳ ಅಪರೂಪ. ಅದು ಬಂದಿತೆಂದರೆ ಹಿಂದೆ ಎಲ್ಲಿಯೋ ಈ ಧೂಳು ಇತ್ತೆಂದು ಮೊದಲು ಸಂಶಯಪಡಬೇಕು. ಅದಕ್ಕೆ ಪೂರ್ಣ ಗುಣವೆಂಬ ಔಷಧಿ ಇನ್ನೂ ಇಲ್ಲ. ಗೊತ್ತಾದ ಮೇಲೆ ಹೆಚ್ಚಿನವರು ಒಂದೆರಡು ವರ್ಷದೊಳಗೆ ತೀರಿಕೊಳ್ಳುತ್ತಾರೆ.

ಬೀಡಿ ಸಿಗರೇಟು ಸೇದುವ ಅಣ್ಣಂದಿರಿಗೆ ಒಂದು ಮಾತು. ಅಮೇರಿಕದಲ್ಲಿ ಶಾಖ ತಡೆಯುವ ಹೊದಿಕೆ ಕೆಲಸದವರನ್ನು ಡಾಕ್ಟರ್ ಸೆಲಿಕಾಫ್ ಮತ್ತು ಸಂಗಡಿಗರು ಪರೀಕ್ಷಿಸಿ 1979ರಲ್ಲಿ ಲೆಕ್ಕ ಕೊಟ್ಟರು. ಧೂಳೂ ಇಲ್ಲದ, ಸೇದುವುದೂ ಇಲ್ಲದ ಮನುಷ್ಯನಿಗೆ ಹೋಲಿಸಿದರೆ, ಧೂಳು ಮಾತ್ರ ಇದ್ದವನಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾವಿನ ಭಯ ಸುಮಾರು 5 ಪಟ್ಟು, ಸೇದುವುದು ಮಾತ್ರ ಇದ್ದವನಿಗೆ ಸುಮಾರು 11 ಪಟ್ಟು, ಎರಡೂ ಸೇರಿದವನಿಗೆ 50 ಪಟ್ಟಿಗೂ ಮೇಲೆ. ಮೆಸೊಥೀಲಿಯೋಮ ಮಾತ್ರ ಸೇದಿದವನು, ಸೇದದವನು ಎಂದು ನೋಡುವುದಿಲ್ಲ. ಆದ್ದರಿಂದ, ಬೀಡಿ ಸೇದುತ್ತಿದ್ದೆಯಲ್ಲ, ರೋಗ ಅದರಿಂದಲೇ ಬಂತು ಎಂದು ಯಾರಾದರೂ ಕೈತೊಳೆದುಕೊಂಡರೆ ಅದನ್ನು ನಂಬಿ ಸುಮ್ಮನೆ ಹಿಂದಿರುಗಬೇಡಿರಿ.

ತಾಯಂದಿರೇ, ಅಕ್ಕತಂಗಿಯರೇ, ಇದು ಗಂಡಸರ ಕಥೆ ಮಾತ್ರವಲ್ಲ. 1960ರಲ್ಲಿ ದಕ್ಷಿಣ ಆಫ್ರಿಕದ ಡಾಕ್ಟರ್ ವ್ಯಾಗ್ನರ್ ಮತ್ತು ಸಂಗಡಿಗರು 33 ಮಂದಿ ಮೆಸೊಥೀಲಿಯೋಮ ರೋಗಿಗಳ ವೃತ್ತಾಂತ ಪ್ರಕಟಿಸಿದರು. ನೀಲಿ ಕಲ್ನಾರಿನ ಗಣಿಯ ಸೀಮೆಯ ಆ ಜನರಲ್ಲಿ ಗಣಿಯಲ್ಲಿ ಒಂದು ದಿನವೂ ದುಡಿಯದವರು, ಬಾಲ್ಯದಲ್ಲಿ ಗಣಿಯ ಪಕ್ಕದಲ್ಲಿ ಆಡಿ ಬೆಳೆದವರೂ ಇದ್ದರು. 1965ರಲ್ಲಿ ಲಂಡನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ ಕಾರ್ಮಿಕರ ಮನೆಯವರಿಗೂ ಕಾರ್ಖಾನೆಯ ನೆರೆಯವರಿಗೂ ಈ ರೋಗ ಬಂದದ್ದು ಕಂಡಿತು. ಗಂಡನ ಕೆಲಸದ ಬಟ್ಟೆ ಕೊಡವಿ ಒಗೆದದ್ದೇ ಹೆಂಡತಿಯ ಪಾಲಿಗೆ ಮೃತ್ಯುವಾಯಿತು.

ಗೊತ್ತಿರಲಿಲ್ಲವೇ?

ಇದೆಲ್ಲ ಆಗ ಯಾರಿಗೆ ಗೊತ್ತಿತ್ತು ಎಂದು ಮಾಲೀಕರ ಕಡೆಯವರು ಹೇಳುವುದುಂಟು. ಗೊತ್ತಿತ್ತು, ಸಹೋದರರೇ. ನೂರು ವರ್ಷದ ಹಿಂದೆಯೇ ಗೊತ್ತಿತ್ತು.

ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ ನೆಲ್ಲೀ ಕರ್ಷಾ ಎಂಬ ಹೆಣ್ಣುಮಗಳು ಟರ್ನರ್ ಬ್ರದರ್ಸ್ ಎಂಬವರ ಗಿರಣಿಯಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದಳು. ರೋಗದಿಂದ 1922ರಲ್ಲಿ ಕೆಲಸ ಬಿಟ್ಟಳು. ಕಾಯಿಲೆಯ ಭತ್ಯೆ ಕೇಳಿದರೆ, ಇದು ಕೆಲಸದಿಂದ ಬಂದ ರೋಗ, ಮಾಲೀಕರನ್ನೇ ಕೇಳು ಎಂದರು. ಮಾಲೀಕರನ್ನು ಕೇಳಿದರೆ, ಇಂಥ ರೋಗವೇ ಇಲ್ಲ ಎಂದರು. ಎರಡು ಬಾಗಿಲುಗಳ ನಡುವೆ ನಿಂತು 1924ರ ಮಾರ್ಚಿಯಲ್ಲಿ, 33ನೆಯ ವಯಸ್ಸಿನಲ್ಲಿ, ಆಕೆ ತೀರಿಹೋದಳು. ಕಂಪನಿಯು ಮಣ್ಣಿನ ಖರ್ಚನ್ನೂ ಕೊಡಲಿಲ್ಲ. ಗುರುತಿನ ಕಲ್ಲೂ ಇಲ್ಲದೆ ಬಡವರ ಗುಂಡಿಯಲ್ಲಿ ಆಕೆಯನ್ನು ಹೂಳಿದರು. ಆದರೆ ಡಾಕ್ಟರ್ ಕುಕ್ ಎಂಬವರು ಆಕೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ಕಂಡದ್ದನ್ನು ವೈದ್ಯ ಪತ್ರಿಕೆಯಲ್ಲಿ ಬರೆದಿಟ್ಟರು. ಆ ಒಂದು ಬರಹ ಉಳಿಯಿತು. ಸರಕಾರವು ವಿಚಾರಣೆ ಮಾಡಿಸಿತು. 363 ಕಾರ್ಮಿಕರನ್ನು ಪರೀಕ್ಷಿಸಿದಾಗ ಕಾಲುಭಾಗಕ್ಕೂ ಮಿಕ್ಕಿ ಜನರ ಶ್ವಾಸಕೋಶ ಕೆಟ್ಟಿತ್ತೆಂದು 1930ರ ವರದಿ ಹೇಳಿತು. 1931ರಲ್ಲಿ ಧೂಳಿನ ಕಾಯಿದೆಯೂ ಆಯಿತು. ಮುಲುಂಡಿನಲ್ಲಿ ಪತ್ರಾ ಮಾಡಿದ ಕಂಪನಿಯಲ್ಲಿ ಇದೇ ಟರ್ನರ್ ಮನೆತನದವರಿಗೆ ಬಹುಕಾಲ ದೊಡ್ಡ ಪಾಲಿತ್ತು. ಅಲ್ಲಿ ತಿಳಿದ ವಿಷಯ ಇಲ್ಲಿಯ ಕೂಲಿಕಾರನ ಕಿವಿಗೆ ಬೀಳುವುದಕ್ಕೆ ಎಷ್ಟು ವರ್ಷ ಹಿಡಿಯಿತೆಂದು ನೀವೇ ಯೋಚಿಸಿರಿ.

ಪರಿಹಾರ ಪಡೆದವರು, ಕಳೆದುಕೊಂಡವರು

ಹಾಗಾದರೆ ನ್ಯಾಯ ಸಿಕ್ಕಿದ್ದೇ ಇಲ್ಲವೇ? ಸಿಕ್ಕಿದ್ದುಂಟು. ಮೂರು ದೇಶಗಳ ಮೂರು ಸಂಗತಿ ಹೇಳುತ್ತೇವೆ.

ದಕ್ಷಿಣ ಆಫ್ರಿಕದಲ್ಲಿ ಕೇಪ್ ಎಂಬ ಇಂಗ್ಲಿಷ್ ಕಂಪನಿ ಬಹುಕಾಲ ಕಲ್ನಾರಿನ ಗಣಿ ನಡೆಸಿ 1979ರಲ್ಲಿ ಮಾರಿ ಹೊರಟುಹೋಯಿತು. ಅಲ್ಲಿಯ ಕಪ್ಪು ಜನ, ದುಡಿದವರೂ ಗಣಿಯ ಪಕ್ಕದಲ್ಲಿ ಬಾಳಿದವರೂ, ಆ ಕಂಪನಿಯ ಸ್ವಂತ ದೇಶಕ್ಕೇ ಹೋಗಿ ದಾವೆ ಹೂಡಿದರು. ನಿಮ್ಮ ನ್ಯಾಯ ನಿಮ್ಮ ದೇಶದಲ್ಲಿ ಕೇಳಿರಿ ಎಂದು ಕಂಪನಿ ವಾದಿಸಿತು. 2000ದ ಜುಲೈಯಲ್ಲಿ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠವು, ಇಲ್ಲ, ಇಲ್ಲಿಯೇ ವಿಚಾರಣೆ ಆಗಲಿ ಎಂದು ತೀರ್ಪು ಕೊಟ್ಟಿತು. 2003ರಲ್ಲಿ ಸುಮಾರು 7,500 ಮಂದಿಗೆ 75 ಲಕ್ಷ ಪೌಂಡು ಒಪ್ಪಂದವಾಯಿತು. ತಲೆಗೆ ಸರಾಸರಿ ಹಿಡಿದರೆ ಸಾವಿರ ಪೌಂಡಿನ ಆಸುಪಾಸು. ಅದು ಪ್ರಾಣದ ಬೆಲೆಯಲ್ಲ, ಅಷ್ಟರಲ್ಲಿ ಅನೇಕರು ತೀರಿಯೂ ಹೋಗಿದ್ದರು. ಆದರೂ ಗಡಿ ದಾಟಿಹೋದ ಮಾಲೀಕನನ್ನು ಗಡಿ ದಾಟಿ ಹಿಡಿಯಬಹುದೆಂದು ಅವರು ತೋರಿಸಿಕೊಟ್ಟರು.

ಇಟಲಿಯ ಕಸಾಲೆ ಮೊನ್‌ಫೆರಾತೊ ಎಂಬ ಊರಿನಲ್ಲಿ ಪತ್ರಾ ಕಾರ್ಖಾನೆ 1986ರಲ್ಲಿ ಮುಚ್ಚಿತು. ಜನ ಸಾಯುತ್ತಲೇ ಹೋದರು. ಕಾರ್ಖಾನೆಯ ಒಡೆಯನಿಗೆ 2012ರಲ್ಲಿ 16 ವರ್ಷ, ಮೇಲ್ಮನವಿಯಲ್ಲಿ 2013ರಲ್ಲಿ 18 ವರ್ಷ ಸೆರೆಮನೆಯ ಶಿಕ್ಷೆ ಆಯಿತು. ಆದರೆ 2014ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯವು ಕಾಯಿದೆಯ ಗಡುವು ಮೀರಿತೆಂದು ಆ ಶಿಕ್ಷೆಯನ್ನು ತಳ್ಳಿಹಾಕಿತು. ರೋಗವು ನಲವತ್ತು ವರ್ಷ ಕಾಯುತ್ತದೆ, ಕಾಯಿದೆ ಅಷ್ಟು ಕಾಯುವುದಿಲ್ಲ. ಇದನ್ನು ನೆನಪಿಡಿರಿ.

ಜಪಾನಿನ ಅಮಾಗಸಾಕಿ ಊರಿನಲ್ಲಿ 2005ರಲ್ಲಿ ಒಂದು ಸಂಗತಿ ಬಯಲಾಯಿತು. ಹಿಂದೆ ಕಲ್ನಾರಿನ ಕೊಳವೆ ಮಾಡುತ್ತಿದ್ದ ಕುಬೋಟ ಕಾರ್ಖಾನೆಯ ಕಾರ್ಮಿಕರಿಗೆ ಮಾತ್ರವಲ್ಲ, ಅದರ ಸುತ್ತಲಿನ ಮನೆಗಳವರಿಗೂ ಮೆಸೊಥೀಲಿಯೋಮ ಬಂದಿತ್ತು. ನೆರೆಯವರು ಒಟ್ಟಾಗಿ ನಿಂತರು, ಪತ್ರಿಕೆಗಳು ಬರೆದವು, ಕಂಪನಿ ಹಣ ಕೊಟ್ಟಿತು. 2006ರಲ್ಲಿ ಕಾರ್ಮಿಕರ ವಿಮೆಯೊಳಗೆ ಬಾರದ ರೋಗಿಗಳಿಗೂ ಸಹಾಯ ಕೊಡುವ ಕಾಯಿದೆ ಬಂತು.

ನಮ್ಮ ದೇಶದಲ್ಲಿ ಏನಿದೆ?

ಅಹಮದಾಬಾದಿನ ಬಳಕೆದಾರರ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು 1986ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಕೊಟ್ಟಿತು. 1995ರ ಜನವರಿ 27ರಂದು ತೀರ್ಪು ಬಂತು. ದುಡಿಯುವವನ ಆರೋಗ್ಯವೂ ವೈದ್ಯಸಹಾಯವೂ ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೇ ಸೇರಿವೆ, ಕೆಲಸದಲ್ಲಿರುವಾಗಲೂ ಕೆಲಸ ಬಿಟ್ಟ ಮೇಲೂ ಸೇರಿವೆ ಎಂದು ನ್ಯಾಯಾಲಯ ಹೇಳಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡತಕ್ಕದ್ದೆಂದು ಆಜ್ಞಾಪಿಸಿತು. ಎಲ್ಲ ಕಾರ್ಮಿಕರಿಗೂ ಆರೋಗ್ಯ ವಿಮೆ ಮಾಡಿಸತಕ್ಕದ್ದೆಂದಿತು. ಆ ಮೊಕದ್ದಮೆಗೆ ಸಂಬಂಧಪಟ್ಟ ಗುಜರಾತಿನ ಕಾರ್ಮಿಕರನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ಪರೀಕ್ಷಿಸಿ, ರೋಗ ಕಂಡವರಿಗೆ ತಲಾ 1 ಲಕ್ಷ ರೂಪಾಯಿ ಕಾರ್ಖಾನೆಯವರು ಕೊಡಬೇಕೆಂದಿತು. ಕಲ್ನಾರನ್ನೇ ನಿಷೇಧಿಸಬೇಕೆಂಬ ಮತ್ತೊಂದು ಅರ್ಜಿಯನ್ನು 2011ರಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ಆದರೆ 1995ರ ಆಜ್ಞೆಗಳನ್ನು ಪಾಲಿಸಲೇಬೇಕೆಂದು ಪುನಃ ಹೇಳಿತು.

ಇನ್ನು ಪರಿಹಾರದ ಕಾಯಿದೆ. 1923ರ ಪರಿಹಾರ ಕಾಯಿದೆ, 1948ರ ಇ.ಎಸ್.ಐ. ಕಾಯಿದೆ, 1948ರ ಫ್ಯಾಕ್ಟರಿ ಕಾಯಿದೆ, ಇವು ನಮ್ಮ ಹಿರಿಯ ಸಂಘದವರಿಗೆಲ್ಲ ಬಾಯಿಪಾಠ. ಈಗ ಅವುಗಳ ಜಾಗದಲ್ಲಿ ಸಾಮಾಜಿಕ ಭದ್ರತೆಯ ಸಂಹಿತೆ, ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಎಂಬ 2020ರ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹೆಸರು ಬದಲಾದರೂ ಕೆಲವು ಮುಖ್ಯ ಸಂಗತಿ ಉಳಿದಿವೆ, ಇವನ್ನು ಮನಸ್ಸಿನಲ್ಲಿಡಿರಿ.

ಒಂದು, ಆಸ್ಬೆಸ್ಟೋಸಿಸ್, ಕಲ್ನಾರಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರ್, ಮೆಸೊಥೀಲಿಯೋಮ, ಈ ಮೂರೂ ಕಾಯಿದೆಯ ಪಟ್ಟಿಯಲ್ಲಿ ಕೆಲಸದಿಂದ ಬರುವ ರೋಗಗಳೆಂದು ಬರೆದಿವೆ. ಯಂತ್ರಕ್ಕೆ ಕೈ ಸಿಕ್ಕಿದಷ್ಟೇ ಇದೂ ಅಪಘಾತವೆಂದು ಲೆಕ್ಕ. ಇ.ಎಸ್.ಐ. ಇದ್ದವರಿಗೆ ಇ.ಎಸ್.ಐ. ಮೂಲಕ, ಇಲ್ಲದವರಿಗೆ ಮಾಲೀಕನಿಂದ ಪರಿಹಾರ ಬರಬೇಕು.

ಎರಡು, ಕೆಲಸ ಬಿಟ್ಟ ಮೇಲೆ ರೋಗ ಬಂದರೂ, ಅದು ಆ ಕೆಲಸದಿಂದಲೇ ಬಂತೆಂದು ತೋರಿಸಿಕೊಟ್ಟರೆ ಹಕ್ಕು ಹೋಗುವುದಿಲ್ಲ. ಕಾರ್ಮಿಕನು ತೀರಿಕೊಂಡರೆ ಅವನನ್ನು ನಂಬಿದ್ದ ಹೆಂಡತಿ ಮಕ್ಕಳು ಕೇಳಬಹುದು.

ಮೂರು, ಗುತ್ತಿಗೆದಾರನ ಕೈಕೆಳಗೆ ದುಡಿದವರೂ ಕೇಳಬಹುದು. ಆ ಕೆಲಸ ಕಾರ್ಖಾನೆಯ ಸ್ವಂತ ಕೆಲಸದ ಭಾಗವೇ ಆಗಿದ್ದರೆ, ಗುತ್ತಿಗೆದಾರ ಓಡಿಹೋದರೂ ಮುಖ್ಯ ಮಾಲೀಕನು ಹೊಣೆ.

ನಾಲ್ಕು, ಇದು ಗಡಿನಾಡಿನ ನಮಗೆ ವಿಶೇಷವಾಗಿ ಬೇಕಾದ ಮಾತು. ಕೆಲಸ ಮಾಡಿದ ಊರಿನಲ್ಲಿಯೇ ಅರ್ಜಿ ಕೊಡಬೇಕೆಂಬ ಕಟ್ಟಿಲ್ಲ. ಅರ್ಜಿದಾರನು ವಾಸವಾಗಿರುವ ಊರಿನ ಅಧಿಕಾರಿಗೂ ಕೊಡಬಹುದು. ಮುಂಬಯಿಯಲ್ಲಿ ಧೂಳು ಕುಡಿದವನು ಮುಂಬಯಿಯ ಕಚೇರಿಯ ಮೆಟ್ಟಲನ್ನೇ ಸವೆಸಬೇಕಾಗಿಲ್ಲ. ಆದರೆ ಗಡುವು ಇದೆ. ತಕ್ಕ ಕಾರಣ ತೋರಿಸಿದರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳುವ ಅಧಿಕಾರ ಅವರಿಗುಂಟು. ಹಾಗೆಂದು ತಡಮಾಡಬಾರದು. ಡಾಕ್ಟರು ರೋಗದ ಹೆಸರು ಹೇಳಿದ ವಾರವೇ ಸಂಘದವರನ್ನೋ ವಕೀಲರನ್ನೋ ಕಾಣಿರಿ.

ಹಕ್ಕು ಇದ್ದೂ ಕೈಗೆ ಬಾರದಿರುವುದೇಕೆ?

ಕಾಯಿದೆಯಲ್ಲಿ ಇಷ್ಟೆಲ್ಲ ಇದ್ದೂ ನಮ್ಮವರಿಗೆ ಸಿಗುವುದು ಅಪರೂಪ. ಕಾರಣ ಎರಡು. ಮೊದಲನೆಯದು, ರೋಗಕ್ಕೆ ಬೇರೆ ಹೆಸರು ಬೀಳುತ್ತದೆ. ಕೆಮ್ಮು, ದಮ್ಮು, ತೂಕ ಇಳಿತ ಕಂಡ ಕೂಡಲೇ ಟೀಬಿ ಎಂದು ಬರೆಯುತ್ತಾರೆ. ಯಾಕಂದರೆ ಟೀಬಿ ಎಲ್ಲೆಲ್ಲಿಯೂ ಇದೆ, ಕಲ್ನಾರಿನ ವಿಷಯ ಡಾಕ್ಟರು ಕೇಳುವುದೂ ಇಲ್ಲ, ರೋಗಿ ಹೇಳುವುದೂ ಇಲ್ಲ.

ಎರಡನೆಯದು, ಸಾಕ್ಷಿ ಇಲ್ಲ. ನಾವು ಕಂಡ ಒಬ್ಬ ವಿಧವೆ ತಾಯಿಯ ಸಂಗತಿ ಹೇಳುತ್ತೇವೆ. ಗಂಡನು ಹದಿನೇಳು ವರ್ಷ ಒಂದು ಕಾರ್ಖಾನೆಯಲ್ಲಿ ಕಲ್ನಾರಿನ ಚೀಲ ಬಿಚ್ಚಿ ಸುರಿಯುವ ಕೆಲಸ ಮಾಡಿದ್ದನು. ಮೂವರು ಗುತ್ತಿಗೆದಾರರ ಕೈಕೆಳಗೆ, ಮೂರು ಸಲ ಮೂರು ತರ ಬರೆದ ಹೆಸರಿನಲ್ಲಿ. ಒಬ್ಬನು ಅಪ್ಪನ ಹೆಸರು ಹಿಡಿದು ಬರೆದಿದ್ದನು, ಒಬ್ಬನು ಊರಿನ ಹೆಸರು, ಮತ್ತೊಬ್ಬನು ಮರಾಠಿಯ ರೀತಿಯಲ್ಲಿ ತಿದ್ದಿದ್ದನು. ಪಗಾರ ಕೈಗೆ ನಗದು, ಚೀಟಿ ಇಲ್ಲ. ಅವನು ಸತ್ತಾಗ ಮರಣದ ಕಾಗದದಲ್ಲಿ ಹೃದಯ ನಿಂತಿತು ಎಂದಷ್ಟೇ ಬರೆದರು. ಯಾರ ಹೃದಯ ನಿಲ್ಲದೆ ಸಾವು ಬರುತ್ತದೆ? ಆ ತಾಯಿಯ ಹತ್ತಿರ ಉಳಿದದ್ದು ಹಳೆಯದೊಂದು ಗೇಟ್ ಪಾಸು, ಒಂದು ಎಕ್ಸ್‌ರೇ ಚಿತ್ರ. ಎಕ್ಸ್‌ರೇಯನ್ನು ಮಗ ಕಿಟಕಿಗೆ ಗಾಜಿನ ಬದಲು ಅಂಟಿಸಿದ್ದನು, ಬಿಸಿಲಿಗೆ ಅದು ಮಾಸಿತ್ತು. ಜೊತೆಯಲ್ಲಿ ದುಡಿದ ಇಬ್ಬರನ್ನು ಹುಡುಕಿ ಹೇಳಿಕೆ ಬರೆಸಿ ಅರ್ಜಿ ಕೊಡಿಸಿದೆವು. ಅದು ಇನ್ನೂ ತೀರ್ಮಾನವಾಗಿಲ್ಲ.

ನಾವು ಮಾಡತಕ್ಕದ್ದು

ಆದಕಾರಣ ಈ ಕೆಲಸಗಳನ್ನು ಮನೆಗೆ ಹೋದ ಕೂಡಲೇ ಶುರುಮಾಡಿರಿ. ಮನೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇಡಿರಿ. ನೇಮಕದ ಪತ್ರ, ಪಗಾರದ ಚೀಟಿ, ಗೇಟ್ ಪಾಸು, ಇ.ಎಸ್.ಐ. ಕಾರ್ಡು, ಪ್ರಾವಿಡೆಂಟ್ ಫಂಡಿನ ಕಾಗದ, ಕಾರ್ಖಾನೆಯಲ್ಲಿ ತೆಗೆದ ಫೋಟೋ, ಏನಿದ್ದರೂ ಅದರಲ್ಲಿರಲಿ. ಹೊಸ ಸಂಹಿತೆಯ ಪ್ರಕಾರ ನೇಮಕದ ಪತ್ರ ಕೊಡುವುದು ಮಾಲೀಕನ ಕರ್ತವ್ಯ. ಗೊತ್ತುಮಾಡಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಪುಕ್ಕಟೆ ಆರೋಗ್ಯ ಪರೀಕ್ಷೆ ಮಾಡಿಸುವುದೂ ಅವನ ಕರ್ತವ್ಯ. ಎರಡನ್ನೂ ಕೇಳಿ ಪಡೆಯಿರಿ.

ಒಂದು ನೋಟ್‌ಬುಕ್ಕಿನಲ್ಲಿ ಯಾವ ವರ್ಷದಿಂದ ಯಾವ ವರ್ಷದ ತನಕ, ಯಾವ ಊರು, ಯಾವ ಕಾರ್ಖಾನೆ, ಯಾವ ಖಾತೆ, ಯಾರ ಗುತ್ತಿಗೆ, ಏನು ಕೆಲಸ, ಜೊತೆಗಿದ್ದವರು ಯಾರು ಎಂದು ಬರೆದಿಡಿರಿ. ಬರೆಯಲು ಬಾರದ ಹಿರಿಯರಿಗೆ ಓದಿದ ಮಕ್ಕಳು ಬರೆದುಕೊಡಲಿ. ಹೆಸರನ್ನು ಎಲ್ಲೆಡೆ ಒಂದೇ ತರ ಬರೆಸಿರಿ.

ಡಾಕ್ಟರ ಬಳಿ ಹೋದಾಗ ನೀವೇ ಮುಂದಾಗಿ, ನಾನು ಆಸ್ಬೆಸ್ಟಾಸಿನಲ್ಲಿ ಇಷ್ಟು ವರ್ಷ ದುಡಿದಿದ್ದೇನೆ, ಇದನ್ನು ಚೀಟಿಯಲ್ಲಿ ಬರೆಯಿರಿ ಎನ್ನಿರಿ. ಟೀಬಿ ಔಷಧಿ ಮುಗಿಸಿದರೂ, ಕಫದಲ್ಲಿ ರೋಗಾಣು ಕಾಣದಿದ್ದರೂ, ದಮ್ಮು ಹಾಗೆಯೇ ಇದ್ದರೆ ದೊಡ್ಡ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮತ್ತು ಉಸಿರಿನ ಪರೀಕ್ಷೆ ಮಾಡಿಸಿರಿ. ಪೊರೆಯ ತುಂಡು ತೆಗೆದು ಪರೀಕ್ಷಿಸಿದ್ದರೆ ಆ ಬಯಾಪ್ಸಿ ವರದಿಯನ್ನು ಬಂಗಾರದ ಹಾಗೆ ಕಾಪಾಡಿರಿ, ಯಾಕಂದರೆ ಮೆಸೊಥೀಲಿಯೋಮಕ್ಕೆ ಅದೇ ದೊಡ್ಡ ಸಾಕ್ಷಿ. ಸಾವು ಬಂದರೆ, ದುಃಖದ ನಡುವೆಯೂ, ಮರಣದ ಕಾರಣ ಸರಿಯಾಗಿ ಬರೆದಿದ್ದಾರೆಯೇ ಎಂದು ಮನೆಯವರಲ್ಲಿ ಒಬ್ಬರು ನೋಡಬೇಕು.

ಈಗ ಕೆಲಸದಲ್ಲಿರುವವರಿಗೆ: ಪತ್ರಾವನ್ನು ಒಣಗಿದ್ದಾಗ ಕೊಯ್ಯಬೇಡಿರಿ, ಒಡೆಯಬೇಡಿರಿ. ನೀರು ಹಾಕಿ ನೆನೆಸಿರಿ. ಯಂತ್ರದ ಗರಗಸ ಹಿಡಿಯಬೇಡಿರಿ. ಬಿದ್ದ ಪುಡಿಯನ್ನು ಕಸಬರಿಗೆಯಿಂದ ಗುಡಿಸಬೇಡಿರಿ, ಒದ್ದೆ ಬಟ್ಟೆಯಿಂದ ಒರಸಿರಿ. ಮುಖಕ್ಕೆ ಕಟ್ಟಿದ ಟವಲು ಈ ಎಳೆಯನ್ನು ತಡೆಯಲಾರದು, ಇದಕ್ಕೆಂದೇ ಮಾಡಿದ ಮಾಸ್ಕನ್ನು ಮಾಲೀಕರಿಂದ ಕೇಳಿರಿ. ಕೆಲಸದ ಬಟ್ಟೆ ಕೆಲಸದಲ್ಲಿಯೇ ಬಿಟ್ಟು, ಮೈ ತೊಳೆದು ಮನೆಗೆ ಬನ್ನಿರಿ. ಒಡೆದ ಪತ್ರಾದ ಚೂರನ್ನು ಅಂಗಳಕ್ಕೆ ಹಾಸಬೇಡಿರಿ, ಅದರ ಮೇಲೆ ಮಕ್ಕಳನ್ನು ಆಡಬಿಡಬೇಡಿರಿ.

ಇಷ್ಟೆಲ್ಲ ಕೇಳಿದರೆ ಕೆಲಸವೇ ಹೋದೀತು, ಆಮೇಲೆ ಒಲೆ ಉರಿಯುವುದು ಹೇಗೆ ಎಂದು ಕೆಲವರ ಮನಸ್ಸಿನಲ್ಲಿದೆ. ಆ ಭಯ ಸುಳ್ಳಲ್ಲ. ಒಬ್ಬನೇ ಕೇಳಿದರೆ ಅವನನ್ನು ಗೇಟಿನ ಹೊರಗೆ ನಿಲ್ಲಿಸುವುದು ಸುಲಭ. ಆದ್ದರಿಂದಲೇ ಒಬ್ಬನೇ ಕೇಳಬಾರದೆಂದು ನಾವು ಹೇಳುವುದು. ಹತ್ತು ಮಂದಿ ಸೇರಿ, ಸಂಘದ ಹೆಸರಿನಲ್ಲಿ, ಬರವಣಿಗೆಯಲ್ಲಿ ಕೇಳಿರಿ. ಬರೆದ ಅರ್ಜಿಯ ಒಂದು ಪ್ರತಿ, ತಲಪಿತೆಂಬ ಸಹಿಯೊಂದಿಗೆ, ನಿಮ್ಮ ಪೆಟ್ಟಿಗೆಯಲ್ಲಿರಲಿ. ಇಂದು ಮಾಸ್ಕು ಬಾರದಿದ್ದರೂ, ಕೇಳಿದ್ದೆವು ಎಂಬುದಕ್ಕೆ ಮೂವತ್ತು ವರ್ಷದ ಮೇಲೆ ಅದೇ ಸಾಕ್ಷಿ.

ಕೊನೆಗೆ ನಮ್ಮ ಕೂಟಗಳಿಗೆ ಒಂದು ಕೆಲಸ. ಕೂಲಿಯವನ ಕೂಲಿ ತಡೆಹಿಡಿಯುವುದು ಪಾಪವೆಂದು ನಾವು ಚಿಕ್ಕಂದಿನಿಂದ ಕಲಿತವರು. ಕೂಲಿಯವನ ಉಸಿರನ್ನೇ ತೆಗೆದುಕೊಂಡು ಅದರ ಲೆಕ್ಕ ಕೊಡದಿರುವುದು ಅದಕ್ಕಿಂತ ಕಡಿಮೆಯ ಪಾಪವಲ್ಲ. ನಮ್ಮ ಸಭೆಗಳಲ್ಲಿ ಹುಟ್ಟು, ಮದುವೆ, ಮರಣಗಳ ದಫ್ತರು ಇದೆ. ಅದರ ಪಕ್ಕದಲ್ಲಿ ದುಡಿಮೆಯ ದಫ್ತರ ಒಂದನ್ನು ಇಡೋಣ. ಊರು ಬಿಟ್ಟು ಕೆಲಸಕ್ಕೆ ಹೋದವರು ಎಲ್ಲಿಗೆ ಹೋದರು, ಯಾವ ಧೂಳಿನಲ್ಲಿ ದುಡಿದರು, ಯಾವಾಗ ಹಿಂದಿರುಗಿದರು ಎಂದು ಅದರಲ್ಲಿ ಬರೆಯೋಣ. ನಮ್ಮ ಸಭೆಯವರೆಂದಲ್ಲ, ಊರಿನ ಯಾವ ಮತದವರು ಬಂದರೂ ಬರೆದುಕೊಳ್ಳೋಣ. ಆ ಧೂಳು ಯಾರ ಮತವನ್ನೂ ಕೇಳುವುದಿಲ್ಲ. ಬರುವ ತಿಂಗಳ ಕೂಟಕ್ಕೆ ಪ್ರತಿ ಊರಿನವರು ಮೊದಲ ಹತ್ತು ಹೆಸರುಗಳನ್ನು ಬರೆದು ತರಬೇಕೆಂದು ಕೇಳಿಕೊಂಡು, ನಮ್ಮ ಮಾತನ್ನು ಮುಗಿಸುತ್ತೇವೆ.